ಪಡುಬಿದ್ರಿಯಲ್ಲಿ ನಡೆದ ಕೊಲೆ

ಇವತ್ತು ಬೆಳಿಗ್ಗೆ ಉಡುಪಿಯಿಂದ ಮಂಗಳೂರಿಗೆ ಎಕ್ಸ್‌ಪ್ರೆಸ್ ಬಸ್ಸು. ಕಿಟಕಿ ಸೀಟು, ಹೊರಗೆ ಮಳೆ, ಕೈಯಲ್ಲಿ ಅಗಾಥಾ ಕ್ರಿಸ್ಟಿಯ ‘ದಿ ಮರ್ಡರ್ ಆಫ್ ರೋಜರ್ ಅಕ್ರಾಯ್ಡ್’. ಇನ್ನು ಐವತ್ತು ಪುಟ ಬಾಕಿ. ನನ್ನನ್ನು ಬಲ್ಲವರಿಗೆ ಗೊತ್ತು, ನಾನು ಮೀನು ಸಾರು ಬಿಟ್ಟೇನು, ಪತ್ತೇದಾರಿ ಬಿಡಲಾರೆ.

ಪಡುಬಿದ್ರಿಯಲ್ಲಿ ಒಬ್ಬರು ಹತ್ತಿ ಪಕ್ಕದಲ್ಲಿ ಕೂತರು. ಒದ್ದೆ ಕೊಡೆಯನ್ನು ನನ್ನ ಕಾಲಿನ ಮೇಲೇ ಒರಗಿಸಿದರು. ಅದನ್ನೂ ಸಹಿಸಿಕೊಂಡೆ. ಆಮೇಲೆ ಬಗ್ಗಿ ನೋಡಿ, “ಓ, ಇದಾ ಮೇಡಂ? ಕೊಂದದ್ದು ಯಾರು ಗೊತ್ತುಂಟಾ?” ಅಂದವರೇ ಹೆಸರು ಹೇಳಿಬಿಟ್ಟರು. ಟಿಕೆಟ್ ತೆಗೆದುಕೊಳ್ಳುವ ಮೊದಲೇ!

ನಾನು ಮುಖ ಸಿಂಡರಿಸಿದ್ದಕ್ಕೆ ಸಮಾಧಾನ ಬೇರೆ: “1926ರ ಪುಸ್ತಕ ಅಲ್ವಾ, ಇನ್ನೆಂತ ಗುಟ್ಟು?” ಮಾರಾಯ್ರೆ, ಪುಸ್ತಕಕ್ಕೆ ವಯಸ್ಸಾಗಿರಬಹುದು. ನಾನು ಓದುತ್ತಿದ್ದದ್ದು ಇವತ್ತು!

ಎಷ್ಟು ಚೆನ್ನಾಗಿ ಹೋಗುತ್ತಿತ್ತು ಗೊತ್ತಾ? ಪತ್ತೇದಾರಿಕೆ ಸಾಕೆಂದು ಹಳ್ಳಿಗೆ ಬಂದು ತರಕಾರಿ ಬೆಳೆಯಲು ಕೂತ ಪೊಯ್ರೊ. ಸಿಟ್ಟು ಬಂದು ಒಂದು ಕಾಯಿ ಎಸೆದರೆ ಅದು ಗೋಡೆ ದಾಟಿ ಪಕ್ಕದ ಮನೆ ಡಾಕ್ಟ್ರ ಹತ್ತಿರ ಬೀಳುತ್ತದೆ. ಆ ಡಾಕ್ಟ್ರ ಅಕ್ಕ ಕ್ಯಾರೊಲಿನ್ ಮನೆಯಿಂದ ಹೊರಗೆ ಕಾಲಿಡದೆ ಊರಿನ ಸುದ್ದಿಯೆಲ್ಲ ತಿಳಿದುಕೊಳ್ಳುತ್ತಾಳೆ. ನಮ್ಮ ಓಣಿಯಲ್ಲೂ ಒಬ್ಬರಿದ್ದಾರೆ, ಹೆಸರು ಬೇಡ. ಇನ್ನು ಕೊನೆಗೆ ತಲೆ ತಿರುಗುವ ಆ ಒಂದು ಕ್ಷಣ ಇತ್ತಲ್ಲ, ಅದನ್ನೇ ಈ ಮನುಷ್ಯ ಕಸಿದುಕೊಂಡದ್ದು.

ಒಳ್ಳೆಯ ಪುಸ್ತಕಕ್ಕೆ ಕೊನೆ ಗೊತ್ತಿದ್ದರೂ ನಷ್ಟವಿಲ್ಲ ಅಂತ ಕೆಲವರು ವಾದಿಸುತ್ತೀರಿ. ಹೌದಪ್ಪ, ಕಳೆದ ತಿಂಗಳು ತೇಜಸ್ವಿಯವರ ‘ಚಿದಂಬರ ರಹಸ್ಯ’ವನ್ನು ಮೂರನೇ ಸಲ ಓದಿದೆ. ಏಲಕ್ಕಿ ವಿಜ್ಞಾನಿಯ ಸಾವಿನ ತನಿಖೆ ಅಂತ ಹೊರಟರೆ ಕೆಸರೂರಿನ ಜನರ ನಡುವೆ ಸಾವೇ ಮರೆತುಹೋಗುತ್ತದೆ. 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸುಮ್ನೆ ಬಂದದ್ದಲ್ಲ. ಆದರೆ ಮೂರನೇ ಸಲ ಓದುವುದು ನನ್ನಿಷ್ಟ. ಮೊದಲ ಸಲವನ್ನೇ ಕಿತ್ತುಕೊಳ್ಳಲು ನೀವ್ಯಾರು?

ಸರಿ, ತಪ್ಪೊಪ್ಪಿಗೆ. ಏಳನೇ ಕ್ಲಾಸಿನಲ್ಲಿದ್ದಾಗ ಅಕ್ಕ ಗೋಳಿಬಜೆಯಲ್ಲಿ ಪಾಲು ಕೊಡಲಿಲ್ಲ ಅಂತ, ಅವಳು ಓದುತ್ತಿದ್ದ ಕಾದಂಬರಿಯ ಕೊಲೆಗಾರನ ಹೆಸರನ್ನು ಮೂರನೇ ಪುಟದಲ್ಲೇ ಪೆನ್ಸಿಲಿನಲ್ಲಿ ಬರೆದಿಟ್ಟವಳು ನಾನು. ಇವತ್ತಿನ ಕಥೆ ಫೋನಿನಲ್ಲಿ ಹೇಳಿದೆ. ಸುರತ್ಕಲ್‌ನಿಂದ ಕೊಟ್ಟಾರದವರೆಗೆ ನಕ್ಕಳು.

ಈಗ ಮುಂದಿನ ಪುಸ್ತಕಕ್ಕೆ ಶಾಲೆ ಮಕ್ಕಳ ಥರ ಬೈಂಡ್ ಹಾಕಿದ್ದೇನೆ. ಸಂಜೆ ಬಸ್ಸಿನಲ್ಲಿ ಒಬ್ಬರು ಅಜ್ಜಿ, “ಭಗವದ್ಗೀತೆಯಾ ಮಗಾ?” ಅಂತ ಕೇಳಿದರು.

ಹೌದಜ್ಜಿ ಅಂದೆ.