ಒಂದು ಫೈಲ್ ಹುಡುಕೋಕೆ ಇಡೀ ಡಿಸ್ಕ್ ಕೊಡು ಅನ್ನಬಹುದಾ?

ಕಳೆದ ತಿಂಗಳು ನಿವೃತ್ತ ಮೇಷ್ಟ್ರೊಬ್ಬರು ನಮ್ಮ ಅಂಗಡಿಗೆ ಬಂದರು. ದಾವಣಗೆರೆಯಲ್ಲಿ ಕಂಪ್ಯೂಟರ್ ರಿಪೇರಿ, ಡೇಟಾ ರಿಕವರಿ ಮಾಡುತ್ತಾ ನನಗೆ ಹದಿನೈದು ವರ್ಷದ ಮೇಲಾಯ್ತು. "ಲ್ಯಾಪ್‌ಟಾಪ್ ಆನ್ ಆಗ್ತಿಲ್ಲಪ್ಪ. ಮಗಳ ಮದುವೆ ಫೋಟೋ ತೆಗೆದುಕೊಟ್ರೆ ಸಾಕು, ಬೇರೆ ಏನೂ ಬೇಡ" ಎಂದರು.

ಮಾತಿಗೇನೋ ಸುಲಭ. ಆದರೆ ಅವರ ಡಿಸ್ಕ್‌ನಲ್ಲಿ ಯಾವ ಫೈಲ್ ಎಲ್ಲಿದೆ ಅನ್ನುವ ಪಟ್ಟಿಯೇ ಹಾಳಾಗಿತ್ತು. ಹಾಗಾದಾಗ ರಿಕವರಿ ಸಾಫ್ಟ್‌ವೇರ್‌ಗೆ ಹೆಸರು, ಫೋಲ್ಡರ್ ಏನೂ ಸಿಗುವುದಿಲ್ಲ. ಡಿಸ್ಕನ್ನು ಆ ತುದಿಯಿಂದ ಈ ತುದಿವರೆಗೆ ಓದಿ, ಫೋಟೋ ತರಹ ಕಂಡದ್ದನ್ನೆಲ್ಲ ಒಂದು ಕಡೆ ಗುಡ್ಡೆ ಹಾಕುತ್ತದೆ. ಎಲ್ಲದಕ್ಕೂ ಬರೀ ನಂಬರ್. ಮದುವೆ ಫೋಟೋ ಯಾವುದು ಅಂತ ತಿಳಿಯಬೇಕಾದರೆ ಒಂದೊಂದೇ ನೋಡಬೇಕು. ನೋಡಿದೆ. ಆಸ್ಪತ್ರೆಯ ರಿಪೋರ್ಟ್ ಬಂತು. ಬ್ಯಾಂಕಿನ ನೋಟಿಸ್ ಬಂತು. ತಮ್ಮನಿಗೆ ಅವರು ಕೈಯಲ್ಲೇ ಬರೆದ ಒಂದು ಕಾಗದದ ಫೋಟೋ ಬಂತು. ಮೊದಲ ಸಾಲು ಕಣ್ಣಿಗೆ ಬಿದ್ದುಬಿಟ್ಟಿತು. ತಕ್ಷಣ ಮುಚ್ಚಿದೆ. ಆದರೆ ಓದಿದ್ದು ಓದಿದ ಹಾಗೇ ಅಲ್ವಾ?

ಅವತ್ತು ರಾತ್ರಿ ಶಟರ್ ಎಳೆಯುವಾಗ ಜಾರ್ಜ್ ಹಾಟ್ಜ್ ಕೇಸ್ ನೆನಪಾಯಿತು. 2011ರ ಕೇಸ್. ನಾನು ಆಗಷ್ಟೇ ಈ ಕೆಲಸ ಕಲಿಯುತ್ತಿದ್ದೆ. ದಿನಾ ಅದರ ಸುದ್ದಿ ಹುಡುಕಿ ಓದುತ್ತಿದ್ದೆ.

ಹಾಟ್ಜ್ ಅಮೆರಿಕದ ನ್ಯೂಜೆರ್ಸಿಯ ಹುಡುಗ. ಇಂಟರ್ನೆಟ್‌ನಲ್ಲಿ ಜಿಯೋಹಾಟ್ ಅಂತಲೇ ಹೆಸರು. 2007ರಲ್ಲಿ, 17ನೇ ವಯಸ್ಸಿಗೇ, ಐಫೋನನ್ನು ಬೇರೆ ಕಂಪನಿಯ ಸಿಮ್ ಹಾಕಿದರೂ ಓಡುವ ಹಾಗೆ ಅನ್‌ಲಾಕ್ ಮಾಡಿದವನು. ಆಮೇಲೆ ಕೈ ಹಾಕಿದ್ದು ಸೋನಿಯ ಪ್ಲೇಸ್ಟೇಷನ್ 3 ಅನ್ನುವ ಗೇಮ್ ಮಿಷನ್ನಿಗೆ. ಆ ಮಿಷನ್ 2006ರಲ್ಲಿ ಬಂದಾಗ ಅದರಲ್ಲಿ ಲಿನಕ್ಸ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿಕೊಂಡು ಕಂಪ್ಯೂಟರ್ ತರಹ ಬಳಸಲು ಸೋನಿಯೇ ಅವಕಾಶ ಕೊಟ್ಟಿತ್ತು. ಅಮೆರಿಕದ ವಾಯುಪಡೆಯ ಸಂಶೋಧಕರು ಸುಮಾರು 1,700 ಪ್ಲೇಸ್ಟೇಷನ್ ಜೋಡಿಸಿ ಒಂದು ಸೂಪರ್ ಕಂಪ್ಯೂಟರನ್ನೇ ಕಟ್ಟಿದ್ದರು. 2010ರ ಜನವರಿಯಲ್ಲಿ ಹಾಟ್ಜ್ ಆ ಲಿನಕ್ಸ್ ದಾರಿಯಿಂದಲೇ ಮಿಷನ್ನಿನ ಒಳಗೆ ಹೊಕ್ಕಿದ್ದೇನೆ ಅಂದ. ಏಪ್ರಿಲ್ 1ರ ಅಪ್‌ಡೇಟ್‌ನಲ್ಲಿ ಸೋನಿ ಲಿನಕ್ಸ್ ಸೌಲಭ್ಯವನ್ನೇ ಕಿತ್ತುಹಾಕಿತು. ಜನ ದುಡ್ಡು ಕೊಟ್ಟು ಮನೆಗೆ ತಂದಿಟ್ಟುಕೊಂಡ ಮಿಷನ್‌ನಿಂದ! ಅದು ನೆನಪಾದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಅದೇ ವರ್ಷದ ಡಿಸೆಂಬರ್‌ನಲ್ಲಿ, ಬರ್ಲಿನ್‌ನಲ್ಲಿ ನಡೆದ ಹ್ಯಾಕರ್‌ಗಳ ಸಮಾವೇಶದಲ್ಲಿ ಫೇಲ್‌ಓವರ್‌ಫ್ಲೋ ಅನ್ನುವ ತಂಡ ಸೋನಿಯ ದೊಡ್ಡ ತಪ್ಪೊಂದನ್ನು ತೋರಿಸಿತು. ಸೋನಿ ತನ್ನ ಸಾಫ್ಟ್‌ವೇರ್‌ಗೆ ಡಿಜಿಟಲ್ ಸಹಿ, ಅಂದರೆ ಇದು ಸೋನಿಯದೇ ಅಂತ ತೋರಿಸುವ ಗುರುತು, ಹಾಕುವಾಗ ಪ್ರತಿ ಸಲವೂ ಒಂದು ಹೊಸ ಗುಟ್ಟಿನ ಸಂಖ್ಯೆ ಬಳಸಬೇಕಿತ್ತು. ಅವರು ಎಲ್ಲ ಸಲವೂ ಒಂದೇ ಸಂಖ್ಯೆ ಬಳಸಿದ್ದರು. ಎರಡು ಸಹಿ ಪಕ್ಕಪಕ್ಕ ಇಟ್ಟು ಲೆಕ್ಕ ಹಾಕಿದರೆ ಸಹಿಯ ಕೀಲಿಯೇ ಹೊರಗೆ ಬರುತ್ತದೆ. ಅದು ಸಿಕ್ಕರೆ ಯಾರು ಬೇಕಾದರೂ ಸೋನಿಯ ಸಹಿ ಹಾಕಬಹುದು. ಕೆಲವೇ ದಿನಗಳಲ್ಲಿ, 2011ರ ಜನವರಿ ಶುರುವಿನಲ್ಲಿ, ಹಾಟ್ಜ್ ಪ್ಲೇಸ್ಟೇಷನ್ 3ರ ಮೂಲ ಕೀಲಿಯನ್ನೇ ತನ್ನ ವೆಬ್‌ಸೈಟಿನಲ್ಲಿ ಹಾಕಿಬಿಟ್ಟ.

ಜನವರಿ 11ಕ್ಕೆ ಸೋನಿ ಸ್ಯಾನ್ ಫ್ರಾನ್ಸಿಸ್ಕೋದ ಫೆಡರಲ್ ಕೋರ್ಟಿಗೆ ಹೋಯಿತು. ತಿಂಗಳ ಕೊನೆಗೆ ನ್ಯಾಯಾಧೀಶೆ ಸುಸಾನ್ ಇಲ್‌ಸ್ಟನ್ ತಾತ್ಕಾಲಿಕ ತಡೆಯಾಜ್ಞೆ ಕೊಟ್ಟರು. ಕೀಲಿ, ಕೋಡ್ ಎಲ್ಲ ವೆಬ್‌ಸೈಟಿನಿಂದ ತೆಗೆಯಬೇಕು ಅಂದರು. ಅಲ್ಲಿಗೆ ಸರಿ. ಜೊತೆಗೆ, ಆ ಕೋಡ್ ಇರುವ ಕಂಪ್ಯೂಟರ್, ಹಾರ್ಡ್ ಡಿಸ್ಕ್, ಸಿಡಿ, ಪೆನ್‌ಡ್ರೈವ್ ಎಲ್ಲವನ್ನೂ ಒಪ್ಪಿಸಬೇಕು ಅಂತಲೂ ಆಯಿತು. ಯಾರಿಗೆ? ಸೋನಿಯ ವಕೀಲರಿಗೆ.

ಇಲ್ಲೇ ನನ್ನ ತಕರಾರು. ಇದು ಪೊಲೀಸ್ ಕೇಸ್ ಆಗಿರಲಿಲ್ಲ, ಸಿವಿಲ್ ದಾವೆ. ಒಂದು ಕಡೆ ಸೋನಿ, ಇನ್ನೊಂದು ಕಡೆ 21 ವರ್ಷದ ಹುಡುಗ. ಅವನು ತಪ್ಪು ಮಾಡಿದ್ದಾನೋ ಇಲ್ಲವೋ ಇನ್ನೂ ತೀರ್ಮಾನವೇ ಆಗಿಲ್ಲ. ನ್ಯೂಜೆರ್ಸಿಯ ಹುಡುಗನ ಕೇಸನ್ನು ಕ್ಯಾಲಿಫೋರ್ನಿಯಾ ಕೋರ್ಟ್ ನಡೆಸಬಹುದಾ ಅನ್ನುವುದೂ ಇತ್ಯರ್ಥ ಆಗಿರಲಿಲ್ಲ. ಅಷ್ಟರಲ್ಲೇ ಅವನ ಡಿಸ್ಕ್‌ಗಳು ಎದುರಾಳಿಯ ಕಡೆಗೆ ಹೊರಟವು.

ಅವನ ವಕೀಲರು ಇದು ಅತಿಯಾಯ್ತು ಅಂತ ವಾದಿಸಿದರು. ಫೆಬ್ರವರಿಯಲ್ಲಿ ನ್ಯಾಯಾಧೀಶೆ ಆದೇಶದ ವ್ಯಾಪ್ತಿಯನ್ನು ಕಡಿಮೆ ಮಾಡಿದರು. ಡಿಸ್ಕ್‌ಗಳನ್ನು ಎರಡೂ ಕಡೆಗೆ ಸೇರದ ಒಂದು ತಜ್ಞ ಸಂಸ್ಥೆ ಪರೀಕ್ಷಿಸಬೇಕು, ಪ್ಲೇಸ್ಟೇಷನ್ ಹ್ಯಾಕಿಂಗ್‌ಗೆ ಸಂಬಂಧಪಟ್ಟದ್ದನ್ನು ಮಾತ್ರ ಬೇರೆ ಮಾಡಬೇಕು, ಉಳಿದದ್ದು ಸೋನಿಗೆ ಸಿಗಬಾರದು. ಅವರು ಅಷ್ಟು ಯೋಚನೆ ಮಾಡಿದ್ದಕ್ಕೆ ನನಗೆ ಗೌರವ ಇದೆ. ಎಷ್ಟೋ ಕೋರ್ಟುಗಳು ಅಷ್ಟೂ ಮಾಡುವುದಿಲ್ಲ.

ಆದರೆ ಕೆಲಸ ಗೊತ್ತಿರುವವನಾಗಿ ಹೇಳುತ್ತೇನೆ. "ಸಂಬಂಧಪಟ್ಟದ್ದನ್ನು ಮಾತ್ರ" ಅನ್ನುವುದು ಕಾಗದದ ಮೇಲೆ ಒಂದು ಗೆರೆ. ಡಿಸ್ಕ್‌ನ ಮೇಲೆ ಅಂಥ ಗೆರೆ ಇಲ್ಲ. ಪರೀಕ್ಷೆ ಮಾಡುವವರು ಮೊದಲು ಮಾಡುವುದೇ ಇಡೀ ಡಿಸ್ಕ್‌ನ ಇಮೇಜ್, ಅಂದರೆ ಒಂದು ಬಿಟ್ಟೂ ಬಿಡದ ನಕಲು. ಖಾಲಿ ಅಂತ ಕಾಣುವ ಜಾಗವೂ ಅದರಲ್ಲಿ ಬರುತ್ತದೆ. ಅಳಿಸಿದ ಫೈಲ್‌ಗಳ ಚೂರು ಇರುವುದು ಅಲ್ಲೇ. ಹುಡುಕಾಟ ಶುರುವಾಗುವುದು ಅದಾದ ಮೇಲೆ.

ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ದರೆ, ಅಂದರೆ ಪಾಸ್‌ವರ್ಡ್ ಇಲ್ಲದೆ ಓದಲಾಗದ ಹಾಗೆ ಬೀಗ ಹಾಕಿದ್ದರೆ, ಇನ್ನೂ ಕಷ್ಟ. ಪೂರ್ತಿ ಎನ್‌ಕ್ರಿಪ್ಟ್ ಆದ ಡಿಸ್ಕನ್ನು ನಕಲು ಮಾಡಿದರೆ ಸಿಗುವುದು ಬರೀ ಕಲಸುಮೇಲೋಗರ. ಯಾವ ಸಾಫ್ಟ್‌ವೇರ್‌ಗೂ ಅದರಲ್ಲಿ ತಲೆಬುಡ ತಿಳಿಯುವುದಿಲ್ಲ. ಪಾಸ್‌ವರ್ಡ್ ಹಾಕಿದ ಮರುಕ್ಷಣ ಎಲ್ಲವೂ ತೆರೆದುಕೊಳ್ಳುತ್ತದೆ. ಇದೊಂದು ಫೋಲ್ಡರ್ ಮಾತ್ರ ತೆರೆಯಲಿ ಅನ್ನೋಕೆ ಆಗುವುದಿಲ್ಲ. ಮನೆಯಾದರೆ ಅಡುಗೆಮನೆ ನೋಡಿ, ದೇವರ ಕೋಣೆಗೆ ಹೋಗಬೇಡಿ ಅನ್ನಬಹುದು. ಇಲ್ಲಿ ಗೋಡೆಗಳೇ ಇಲ್ಲ. ತಾಯಿಯ ಮೆಸೇಜು, ವಕೀಲರಿಗೆ ಬರೆದ ಇಮೇಲ್, ಬೇರೆಯವರು ನಂಬಿ ಕಳಿಸಿದ ಗುಟ್ಟು, ಎಲ್ಲ ಒಂದೇ ಬೀಗದ ಹಿಂದೆ ಇರುತ್ತವೆ.

ಡಿಸ್ಕ್ ಒಪ್ಪಿಸುವ ವಿಷಯದಲ್ಲೂ ಒಂದು ರಾದ್ಧಾಂತ ಆಯಿತು. ಹಾಟ್ಜ್ ಡಿಸ್ಕ್‌ಗಳಿಂದ ಮುಖ್ಯ ಭಾಗಗಳನ್ನು ಬಿಚ್ಚಿ ಕೊಟ್ಟಿದ್ದಾನೆ, ದಕ್ಷಿಣ ಅಮೆರಿಕಕ್ಕೆ ಓಡಿಹೋಗಿದ್ದಾನೆ ಅಂತ ಸೋನಿ ಕೋರ್ಟಿಗೆ ಹೇಳಿತು. ಮೊದಲೇ ಗೊತ್ತುಮಾಡಿದ್ದ ರಜೆಗೆ ಬಂದಿದ್ದೇನೆ ಅಂತ ಹಾಟ್ಜ್ ಹೇಳಿದ. ಬಿಚ್ಚಿದ್ದು ಕಂಟ್ರೋಲರ್ ಬೋರ್ಡ್, ಡಿಸ್ಕ್‌ನ ಕೆಳಗಿರುವ ಹಸಿರು ಹಲಗೆ. ಅದಿಲ್ಲದೆ ಡಿಸ್ಕ್ ತಿರುಗುವುದೂ ಇಲ್ಲ. ಅದೇ ಮಾಡೆಲ್‌ನ ಬೇರೆ ಬೋರ್ಡ್ ತಂದು ಹಾಕಿದರೂ ಸಾಮಾನ್ಯವಾಗಿ ಓಡುವುದಿಲ್ಲ. ಆಯಾ ಡಿಸ್ಕ್‌ನ ಹೊಂದಾಣಿಕೆಯ ಲೆಕ್ಕ ಬೋರ್ಡ್ ಮೇಲಿನ ಒಂದು ಚಿಕ್ಕ ಚಿಪ್‌ನಲ್ಲಿ ಇರುತ್ತದೆ. ನಾವು ಆ ಚಿಪ್ಪನ್ನು ಬಿಸಿಗಾಳಿ ಬಿಟ್ಟು ಕಿತ್ತು ಹೊಸ ಬೋರ್ಡಿಗೆ ಕೂರಿಸುತ್ತೇವೆ. ಅವನು ಬೋರ್ಡ್ ಬಿಚ್ಚಿದ್ದು ಸರಿ ಅಂತ ನಾನು ಹೇಳುವುದಿಲ್ಲ. ಕೋರ್ಟ್ ಆದೇಶ ಪಾಲಿಸಲೇಬೇಕು. ಆದರೆ ತನ್ನದೆಲ್ಲವೂ ಎದುರಾಳಿಯ ಟೇಬಲ್ ಮೇಲೆ ಹೋಗುತ್ತದೆ ಅನ್ನುವ ಹೆದರಿಕೆ ಎಂಥದ್ದು ಅಂತ ಮಾತ್ರ ನನಗೆ ಅರ್ಥವಾಗುತ್ತದೆ.

ಮಾರ್ಚ್‌ನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅವನ ವೆಬ್‌ಸೈಟ್ ನೋಡಿದವರ ಐಪಿ ವಿಳಾಸ (ಇಂಟರ್ನೆಟ್‌ನಲ್ಲಿ ಅವರ ಸಂಪರ್ಕವನ್ನು ಗುರುತಿಸುವ ಸಂಖ್ಯೆ), ಯೂಟ್ಯೂಬ್, ಟ್ವಿಟರ್, ಪೇಪಾಲ್ ದಾಖಲೆ ಎಲ್ಲ ಕೇಳಲು ಸೋನಿಗೆ ಅನುಮತಿ ಸಿಕ್ಕಿತು. ಸುಮ್ನೆ ಒಂದು ಪುಟ ಓದಿದವರ ವಿಳಾಸವೂ ಅದರೊಳಗೆ ಬಂತು.

ಕೊನೆಗೆ ವಿಚಾರಣೆಯೇ ನಡೆಯಲಿಲ್ಲ. ಮಾರ್ಚ್ 31ಕ್ಕೆ ರಾಜಿ ಆಯಿತು. ಸೋನಿಯ ಮಿಷನ್ ಮುಟ್ಟುವುದಿಲ್ಲ ಅಂತ ಹಾಟ್ಜ್ ಒಪ್ಪಿಕೊಂಡ. ಮುಟ್ಟಿದರೆ ಸಲಕ್ಕೆ 10,000 ಡಾಲರ್, ಹೆಚ್ಚೆಂದರೆ 2,50,000 ಡಾಲರ್ ಕಟ್ಟಬೇಕು. ಕೇಸ್ ನಡೆಸಲು ಜನ ಕೊಟ್ಟಿದ್ದರಲ್ಲಿ ಉಳಿದ 10,000 ಡಾಲರನ್ನು ಅವನು ಡಿಜಿಟಲ್ ಹಕ್ಕುಗಳಿಗಾಗಿ ಹೋರಾಡುವ ಸಂಸ್ಥೆ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್‌ಗೆ ಕೊಟ್ಟ. ನಾವು ಕೊಂಡ ಮಿಷನ್ ಬಿಚ್ಚುವ ಹಕ್ಕು ನಮಗೆ ಇದೆಯಾ ಅನ್ನುವ ಪ್ರಶ್ನೆಗೆ ಆ ಕೋರ್ಟ್ ಉತ್ತರವನ್ನೇ ಕೊಡಲಿಲ್ಲ. ಡಿಸ್ಕ್ ಒಪ್ಪಿಸುವ ಆದೇಶ ಮಾತ್ರ ಜಾರಿಯಾಗಿಬಿಟ್ಟಿತ್ತು. ತೀರ್ಪು ಬರುವ ಮೊದಲೇ ಒಬ್ಬ ಮನುಷ್ಯ ಸೋತುಹೋಗಬಹುದು ಅಂತ ನನಗೆ ಅವಾಗ ಗೊತ್ತಾಯಿತು.

ಇದೆಲ್ಲ ಅಮೆರಿಕದ ಕಥೆ, ನಮಗೇನು ಅನ್ನಬೇಡಿ. 2021ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಬೆಂಗಳೂರಿನ ಒಂದು ಡ್ರಗ್ಸ್ ಕೇಸಿನಲ್ಲಿ ಇದೇ ಪ್ರಶ್ನೆ ಎತ್ತಿಕೊಂಡಿತು. ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ ಅವರು ಪಾಸ್‌ವರ್ಡ್ ಕೊಡುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತೆ ಆಗುವುದಿಲ್ಲ ಅಂದರು. ಆದರೆ ಫೋನ್, ಕಂಪ್ಯೂಟರ್ ಹುಡುಕಬೇಕಾದರೆ ವಾರಂಟ್ ಬೇಕು ಅಂತಲೂ ಹೇಳಿ, ವಶಪಡಿಸಿಕೊಳ್ಳುವಾಗ ಏನೇನು ಮಾಡಬೇಕು ಅಂತ ವಿವರವಾಗಿ ಬರೆದರು. ಮರುವರ್ಷ ದೆಹಲಿಯ ಸಿಬಿಐ ವಿಶೇಷ ಕೋರ್ಟ್ ಇದಕ್ಕೆ ಉಲ್ಟಾ ಹೇಳಿತು. ಪಾಸ್‌ವರ್ಡ್ ಇರುವುದು ಆರೋಪಿಯ ತಲೆಯಲ್ಲಿ, ಅದನ್ನು ಬಲವಂತವಾಗಿ ಹೇಳಿಸುವಂತಿಲ್ಲ ಅಂದಿತು. ನನಗೆ ದೆಹಲಿಯ ಮಾತೇ ಸರಿ ಅನಿಸುತ್ತದೆ. ಬೀರುವಿನ ಕೀಲಿ ಜೇಬಿನಲ್ಲಿದ್ದರೆ ಪೊಲೀಸರು ತೆಗೆದುಕೊಳ್ಳಲಿ. ತಲೆಯೊಳಗೆ ಇದ್ದದ್ದನ್ನು ಬಾಯಿಬಿಡಿಸುವುದು ಬೇರೆ ವಿಷಯ.

ನ್ಯಾಯ ಬೇಡ, ತನಿಖೆ ಬೇಡ ಅಂತ ಅಲ್ಲ. ಮಕ್ಕಳಿಗೆ ಹಿಂಸೆ ಕೊಟ್ಟವರು, ಬಡವರ ದುಡ್ಡು ನುಂಗಿದವರು ಡಿಸ್ಕ್‌ನಲ್ಲಿ ಸಾಕ್ಷಿ ಬಚ್ಚಿಟ್ಟರೆ ಅದು ಹೊರಗೆ ಬರಲೇಬೇಕು. ನಾನು ಕೇಳುವುದು ಆದೇಶದಲ್ಲಿ ನಾಲ್ಕು ಸಾಲು ಜಾಸ್ತಿ ಬರೆಯಿರಿ ಅಂತ. ಯಾರು ತೆರೆಯುತ್ತಾರೆ, ಯಾವ ಪದ ಹಾಕಿ ಹುಡುಕುತ್ತಾರೆ, ಮಾಲೀಕ ಪಕ್ಕದಲ್ಲಿ ಕೂರಬಹುದಾ, ಅವನ ವಕೀಲರು ನೋಡುವ ಮೊದಲು ಎದುರು ಪಾರ್ಟಿಗೆ ಏನಾದರೂ ಹೋಗುತ್ತಾ? ಮುಖ್ಯವಾಗಿ ಆ ನಕಲು. ಕೇಸ್ ಮುಗಿದ ಮೇಲೆ ಅದನ್ನು ಯಾವ ದಿನ, ಯಾರ ಮುಂದೆ ಅಳಿಸುತ್ತಾರೆ?

ಮೇಷ್ಟ್ರು ಮಾರನೇ ದಿನ ಬಂದರು. ಮದುವೆ ಫೋಟೋ ಎಲ್ಲ ಪೆನ್‌ಡ್ರೈವ್‌ಗೆ ಹಾಕಿಕೊಟ್ಟೆ. ಖುಷಿಯಾಯಿತು ಅವರಿಗೆ. ದುಡ್ಡು ಕೊಟ್ಟು, ಬಾಗಿಲ ತನಕ ಹೋಗಿ, ತಿರುಗಿ ಬಂದರು. "ನಿನ್ನ ಕಂಪ್ಯೂಟರ್‌ನಲ್ಲಿ ನನ್ನದು ಇನ್ನೂ ಇದೆಯೇನಪ್ಪ?"

ಇದೆ ಸರ್ ಎಂದೆ. ನಕಲು ಇಟ್ಟುಕೊಂಡಿದ್ದ ಡಿಸ್ಕನ್ನು ಅವರ ಎದುರಿಗೇ ಅಳಿಸಲು ಹಾಕಿದೆ. ಬರೀ ಡಿಲೀಟ್ ಅಲ್ಲ, ಮೊದಲಿನಿಂದ ಕೊನೆವರೆಗೂ ಸೊನ್ನೆ ಬರೆಯುವುದು. 500 ಜಿಬಿ. ಒಂದೂವರೆ ಗಂಟೆ ಹಿಡಿಯಿತು. ನೀವು ಹೋಗಿ ಸರ್, ನಾನು ನೋಡ್ಕೋತೀನಿ ಅಂದರೂ ಕೇಳಲಿಲ್ಲ. ಚಹಾ ತರಿಸಿಕೊಟ್ಟೆ. ಸ್ಕ್ರೀನ್ ಮೇಲೆ ನೂರು ಪರ್ಸೆಂಟ್ ಬರುವವರೆಗೂ ಸ್ಟೂಲಿನ ಮೇಲೆ ಹಾಗೇ ಕೂತಿದ್ದರು.