ಮುಲಾಮು ನನಗೆ, ಮುಲಾಜು ಅವರಿಗೆ

ಮೂರನೇ ಸಲ! ಮತ್ತೆ ನನ್ನ ಕಾಲಿನ ಕಿರುಬೆರಳ ಸಂದಿ ನೀರಲ್ಲಿ ನೆನೆದ ಹಾಗೆ ಬಿಳಿಚಿಕೊಂಡು ಸುಲಿಯುತ್ತಿದೆ. ಅದೇ ಫಂಗಸ್ ಸೋಂಕು. ಕೆರೆದರೆ ಉರಿ, ಬಿಟ್ಟರೆ ತುರಿಕೆ. ರಾತ್ರಿ ನಿದ್ದೆ ಬರುವ ಹೊತ್ತಿಗೇ ಅದಕ್ಕೆ ನನ್ನ ನೆನಪಾಗುತ್ತದೆ.

ಮೊದಲನೇ ಸಲದ ತಪ್ಪು ನನ್ನದೇ, ಒಪ್ಪಿಕೊಳ್ಳುತ್ತೇನೆ. ಡ್ರಾಯರ್‌ನಲ್ಲಿ ಯಾವುದೋ ಹಳೇ ಟ್ಯೂಬ್ ಇತ್ತು, ಹಚ್ಚಿದೆ. ಎರಡೇ ದಿನಕ್ಕೆ ತುರಿಕೆ ಮಾಯ. ಎಷ್ಟು ಖುಷಿಪಟ್ಟೆ ಅಂತೀರಿ! ನಿಲ್ಲಿಸಿದ ಮೇಲೆ ಪಾದದ ಮೇಲ್ಭಾಗಕ್ಕೂ ಹರಡಿತು. ಆಮೇಲೆ ಕನ್ನಡಕ ಹಾಕಿಕೊಂಡು ಸಣ್ಣಕ್ಷರ ಓದಿದರೆ, ಕ್ಲೋಬೆಟಾಸಾಲ್. ಸ್ಟೀರಾಯ್ಡು. ಅದು ಕೆಂಪು, ತುರಿಕೆ ಎರಡನ್ನೂ ಅಡಗಿಸುತ್ತದೆ ಅಷ್ಟೆ. ಫಂಗಸ್ ಸಾಯುವುದಿಲ್ಲ, ಕೇಳುವವರಿಲ್ಲ ಅಂತ ಇನ್ನೂ ಹಾಯಾಗಿ ಬೆಳೆಯುತ್ತದೆ. ಆ ಟ್ಯೂಬನ್ನು ಅವತ್ತೇ ಕಸಕ್ಕೆ ಎಸೆದೆ.

ಎರಡನೇ ಸಲ ಬುದ್ಧಿ ಬಂದಿತ್ತು. ಬೆಳ್ಳುಳ್ಳಿ ಅರೆದು ಕಟ್ಟು ಅಂದವರಿಗೆ ಕೈ ಮುಗಿದೆ. ಸುಲಿದ ಚರ್ಮದ ಮೇಲೆ ಅದನ್ನು ಕಟ್ಟಿದರೆ ಸುಟ್ಟು ಬೊಬ್ಬೆ ಏಳುತ್ತದೆ. ಸ್ಟೀರಾಯ್ಡು ಬೆರೆಸದ ಬರೀ 1% ಕ್ಲೋಟ್ರಿಮಜೋಲ್, ಅಂದರೆ ಫಂಗಸ್‌ಗೆ ಹಚ್ಚುವ ಕ್ರೀಮ್ ತಂದು ದಿನಕ್ಕೆ ಎರಡು ಸಲ ಹಚ್ಚಿದೆ. ಹತ್ತೇ ದಿನಕ್ಕೆ ಚರ್ಮ ನುಣುಪಾಯಿತು, ಆದರೂ ನಿಲ್ಲಿಸದೆ ಪೂರ್ತಿ 4 ವಾರ ಹಚ್ಚಿದೆ. ಸ್ನಾನವಾದ ಮೇಲೆ ಒಂದೊಂದೇ ಬೆರಳ ಸಂದಿ ಒರೆಸಿಕೊಂಡೆ. ಒಂದೇ ಶೂ ಎರಡು ದಿನ ಸತತವಾಗಿ ಹಾಕಲಿಲ್ಲ. ಸಾಕ್ಸ್, ಟವೆಲ್ ಎಲ್ಲ 60 ಡಿಗ್ರಿ ಬಿಸಿನೀರಲ್ಲಿ ಒಗೆದೆ. ಇಷ್ಟೆಲ್ಲ ಮಾಡಿಯೂ ಮತ್ತೆ ಬಂದರೆ ಯಾರಿಗೆ ಸಿಟ್ಟು ಬರಲ್ಲ ಹೇಳಿ?

ಎಲ್ಲಿಂದ ಬಂತು ಅಂತ ಗೊತ್ತು. ನಮ್ಮನೆಯವರ ಪಾದದಿಂದ.

ಅವರ ಅಂಗಾಲು ನೋಡಬೇಕು ನೀವು. ಗೆರೆಗೆರೆಯಲ್ಲೂ ಬಿಳಿ ಪುಡಿ, ಹಿಮ್ಮಡಿಯಿಂದ ಬೆರಳ ಬುಡದವರೆಗೆ ಗೋಡೆಯ ಸುಣ್ಣದ ಥರ ಚಕ್ಕೆ ಏಳುತ್ತದೆ. ಹೆಬ್ಬೆರಳ ಉಗುರು ಹಳದಿಯಾಗಿ ದಪ್ಪಗಾಗಿದೆ. ತುರಿಕೆ ಮಾತ್ರ ಇಲ್ಲ. ಅದಕ್ಕೇ ನೋಡಿ ಬಂದಿರುವುದು ಇಷ್ಟು ಅಸಡ್ಡೆ. "ಒಣಚರ್ಮ ಕಣೇ, ಎಣ್ಣೆ ಸವರಿದ್ರೆ ಹೋಗುತ್ತೆ" ಅಂತಾರೆ. ಹೋಗಲ್ಲ! ಬೆರಳ ಸಂದಿಯಲ್ಲಿ ಬರುವ ಅದೇ ಫಂಗಸ್ ಅಂಗಾಲಿಗೆ ಬಂದಾಗ ಹೀಗೇ ಒಣಚರ್ಮದ ವೇಷ ಹಾಕುತ್ತದೆ. ಉದುರಿದ ಚಕ್ಕೆಯಲ್ಲೂ ತಿಂಗಳುಗಟ್ಟಲೆ ಬದುಕಿರುತ್ತದೆ. ಆ ಚಕ್ಕೆ ಎಲ್ಲಿ ಉದುರುತ್ತದೆ? ಬಾತ್‌ರೂಮಿನ ಕಾಲೊರಸಿನ ಮೇಲೆ. ಆಮೇಲೆ ಅದನ್ನು ತುಳಿಯುವವರು ಯಾರು? ಒದ್ದೆ ಕಾಲಲ್ಲಿ, ನಾನು.

ಇಷ್ಟರ ಮೇಲೆ ನನಗೇ ಉಪದೇಶ. "ನೀನು ಯಾವಾಗ್ಲೂ ನೀರಲ್ಲಿ ನಿಂತಿರ್ತೀಯ, ಕಾಲು ಸರಿಯಾಗಿ ತೊಳಿಯಲ್ಲ." ದಿನಕ್ಕೆ ಮೂರು ಸಲ ತೊಳೆದು ಒರೆಸುವವಳು ನಾನು! ಅವರು ಬಾಗಿ ಪಾದ ಮುಟ್ಟಿಕೊಂಡಿದ್ದನ್ನು ನಾನಂತೂ ನೋಡಿಲ್ಲ.

ಡಾಕ್ಟರ ಹತ್ತಿರ ಹೋಗಿ ಅಂದರೆ, "ಉಗುರಿಗೆಲ್ಲ ಯಾರಾದ್ರೂ ಡಾಕ್ಟರ್ ಹತ್ರ ಹೋಗ್ತಾರಾ?" ಹೋಗಬೇಕು ಸ್ವಾಮಿ. ಆ ದಪ್ಪ ಉಗುರಿನೊಳಗೆ ಕ್ರೀಮ್ ಇಳಿಯುವುದೇ ಕಷ್ಟ. ಸಾಮಾನ್ಯವಾಗಿ ವಾರಗಟ್ಟಲೆ ಮಾತ್ರೆ ನುಂಗಬೇಕಾಗುತ್ತದೆ, ಅದನ್ನು ಡಾಕ್ಟರೇ ನೋಡಿ ಬರೆಯಬೇಕು. ಉಗುರು ಹಾಗೇ ಇರುವವರೆಗೂ ಅದು ಬೀಜದ ಕಣಜ ಇದ್ದ ಹಾಗೆ. ನಾನು ಎಷ್ಟು ಟ್ಯೂಬ್ ಖಾಲಿ ಮಾಡಿದರೂ ಅಷ್ಟೆ.

ಈಗ ಇನ್ನೊಂದು ಕಥೆ. ಒಂದು ವಾರದಿಂದ ಸಾಹೇಬರಿಗೆ ತೊಡೆಸಂದಿಯಲ್ಲಿ ತುರಿಕೆಯಂತೆ. ಬರದೆ ಏನು? ಬೆಳಿಗ್ಗೆ ಚಡ್ಡಿಯನ್ನು ಆ ಪಾದದ ಮೇಲೆ ಉಜ್ಜಿಕೊಂಡೇ ಮೇಲೆಳೆಯುತ್ತಾರೆ. ಮೊದಲು ಸಾಕ್ಸ್ ಹಾಕಿ, ಆಮೇಲೆ ಚಡ್ಡಿ ಅಂದೆ. ನನಗೆ ತಲೆ ಕೆಟ್ಟಿದೆ ಅನ್ನೋ ಥರ ನೋಡಿದರು.

ನಿನ್ನೆ ರಾತ್ರಿ ಕೆರೆದುಕೊಳ್ಳುತ್ತಾ ಡ್ರಾಯರ್ ತಡಕಾಡುತ್ತಿದ್ದರು. ಏನ್ರೀ ಅಂದೆ.

"ಅದೇ ಕಣೇ, ನಿಂಗೆ ಎರಡೇ ದಿನಕ್ಕೆ ಕಮ್ಮಿ ಆಯ್ತಲ್ಲ, ಆ ಹಳೇ ಟ್ಯೂಬ್ ಎಲ್ಲಿಟ್ಟೆ?"