ವೇಗಕ್ಕೆ ಗಡಿಯಾರ, ಮೆನುವಿಗೆ ತಾಳ್ಮೆ

ಸ್ಪೋರ್ಟ್ ಸೆಡಾನ್‌ಗಳ ವಿಮರ್ಶಕರು ಕಾಲದ ವಿಷಯದಲ್ಲಿ ಬಲು ಕಟ್ಟುನಿಟ್ಟಿನ ಜನ. ನಿಂತ ಸ್ಥಿತಿಯಿಂದ ಗಂಟೆಗೆ 100 ಕಿಲೋಮೀಟರ್ ವೇಗ ಮುಟ್ಟಲು ಒಂದು ಕಾರಿಗೆ 4.3 ಸೆಕೆಂಡು ಹಿಡಿದು, ಅದರ ಎದುರಾಳಿ 4.1ರಲ್ಲೇ ಮುಟ್ಟಿಬಿಟ್ಟರೆ, ನಡುವಿನ ಆ 0.2 ಸೆಕೆಂಡು ಎಲ್ಲಿ ಪೋಲಾಯಿತೆಂದು ಅವರು ಗೇರ್‌ಬಾಕ್ಸಿನಲ್ಲಿ, ಟೈರಿನ ಹಿಡಿತದಲ್ಲಿ, ರಸ್ತೆಯ ಬಿಸಿಯಲ್ಲಿ ಹುಡುಕಿ ಹುಡುಕಿ ಬರೆಯುತ್ತಾರೆ. ಅದೇ ಕಾರಿನ ನ್ಯಾವಿಗೇಷನ್‌ಗೆ ಹೋಗಬೇಕಾದ ವಿಳಾಸವನ್ನು ಒಪ್ಪಿಸುವಷ್ಟರಲ್ಲಿ ಕಳೆದುಹೋಗುವ ಇಡೀ ಒಂದು ನಿಮಿಷ ಮಾತ್ರ ಯಾರ ಗಡಿಯಾರಕ್ಕೂ ಸಿಗುವುದಿಲ್ಲ. ಡಿಕ್ಕಿಯ ಅಳತೆಗೂ ಬಣ್ಣಗಳ ಆಯ್ಕೆಗೂ ನಡುವೆ ಎಲ್ಲೋ ಒಂದು ಕಡೆ, 'ಮೊದಮೊದಲು ತುಸು ಗೊಂದಲವೆನಿಸಿದರೂ ಕ್ರಮೇಣ ರೂಢಿಯಾಗುತ್ತದೆ' ಎಂಬ ಒಂದೇ ವಾಕ್ಯದಲ್ಲಿ ಆ ನಿಮಿಷಕ್ಕೆ ಮೋಕ್ಷ ದೊರೆಯುತ್ತದೆ. ತಯಾರಕರು ತಮ್ಮ ಕಾರುಗಳ ವೇಗವನ್ನು ಜಗತ್ತಿಗೆ ಸಾರಲು ಆರಿಸಿಕೊಂಡಿರುವ ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್ ರೇಸ್ ಪಥದ ಉತ್ತರ ಟ್ರ್ಯಾಕು ಸುಮಾರು 20.8 ಕಿಲೋಮೀಟರ್ ಸುತ್ತಿ ಹೊರಟಲ್ಲಿಗೇ ಬಂದು ಸೇರುತ್ತದೆಯಾದ್ದರಿಂದ, ಅಲ್ಲಿ ಯಾರಿಗೂ ದಾರಿ ತೋರಿಸುವ ಯಂತ್ರದ ಅಗತ್ಯ ಬಿದ್ದಿರಲಾರದು.

ಇನ್ನು ಮಾಲೀಕರ ಅಭಿಪ್ರಾಯಕ್ಕೆ ಬರೋಣ. ಮುಂಗಡ ಹಣ ಕಟ್ಟುವ ತನಕ ನ್ಯಾಯಾಧೀಶನಂತೆ ಕುಳಿತು ಎಲ್ಲ ಕಾರುಗಳ ಗುಣದೋಷಗಳನ್ನು ತೂಗುತ್ತಿದ್ದ ಮನುಷ್ಯ, ಸಾಲದ ಮೊದಲ ಕಂತು ಕಟ್ಟಿದ ಮರುದಿನದಿಂದ ತನ್ನ ಕಾರಿನ ಖಾಯಂ ವಕೀಲನಾಗುತ್ತಾನೆ. ವಿಮರ್ಶಕನು ಸ್ಟಿಯರಿಂಗನ್ನು ಹೊಗಳಿದರೆ, ಎರಡೇ ದಿನ ಓಡಿಸಿ ಕಾರಿನ ಆತ್ಮವನ್ನು ಕಂಡುಕೊಂಡ ಜ್ಞಾನಿ ಎಂದು ಕೊಂಡಾಡುತ್ತಾನೆ. ಅದೇ ವಿಮರ್ಶಕನು ಅದೇ ಪುಟದಲ್ಲಿ ನ್ಯಾವಿಗೇಷನ್ನಿನ ಮೆನುಗಳು ಅರ್ಥವಾಗುವುದಿಲ್ಲ ಎಂದರೆ, ಎರಡೇ ದಿನ ಓಡಿಸಿದವನಿಗೆ ಏನು ತಿಳಿಯುತ್ತದೆ ಎಂದು ಗದರುತ್ತಾನೆ. ಪ್ರಶಂಸೆಗೆ ಸಾಕಾಗುವ ಎರಡು ದಿನ ದೂರಿಗೆ ಸಾಲದೇ ಹೋಗುವ ಈ ಪಂಚಾಂಗವನ್ನು ಯಾರು ಬರೆದರೋ ತಿಳಿಯದು.

ಈ ವಕೀಲಿಕೆಯ ಇತಿಹಾಸ ಕಾಲು ಶತಮಾನದ್ದು. 2001ರಲ್ಲಿ ಬಿಎಂಡಬ್ಲ್ಯು ತನ್ನ 7 ಸೀರೀಸ್ ಕಾರಿನಲ್ಲಿ ಐಡ್ರೈವ್ ಎಂಬ ವ್ಯವಸ್ಥೆಯನ್ನು ತಂದು, ಸುಮಾರು 700 ಕೆಲಸಗಳನ್ನು ಒಂದೇ ಒಂದು ನಾಬಿಗೆ ವಹಿಸಿದಾಗ ವಿಮರ್ಶಕರು ಒಕ್ಕೊರಲಿನಿಂದ ಬೊಬ್ಬೆ ಹೊಡೆದರು. ಮಾಲೀಕರು ಮಾತ್ರ ಧೃತಿಗೆಡಲಿಲ್ಲ. ಅದು ಬುದ್ಧಿವಂತರಿಗಾಗಿ ಮಾಡಿದ ನಾಬು ಎಂದರು. 2008ರ ಹೊತ್ತಿಗೆ ಕಂಪನಿಯೇ ಮನಸ್ಸು ಬದಲಿಸಿ ಆ ನಾಬಿನ ಸುತ್ತ ನಕ್ಷೆಗೊಂದು, ರೇಡಿಯೋಗೊಂದು, ಫೋನಿಗೊಂದು ಎಂದು ಗುಂಡಿಗಳನ್ನು ನೆಟ್ಟಾಗ, ಗುಂಡಿಗಳೇ ಬೇಡವೆಂದು ವಾದಿಸಿದ್ದ ಅದೇ ಬಳಗ ಅವುಗಳನ್ನು ಕ್ರಾಂತಿಯೆಂದು ಸ್ವಾಗತಿಸಿತು. ಈಚಿನ ಕೆಲವು ಮಾದರಿಗಳಲ್ಲಿ ನಾಬೇ ಮಾಯವಾಗಿ ಎಲ್ಲವೂ ಟಚ್‌ಸ್ಕ್ರೀನಿಗೆ ಸೇರಿಕೊಂಡ ಮೇಲಂತೂ, ಒಂದು ಕಾಲಕ್ಕೆ ಕಾರು ಚಾಲನೆಗೇ ಅಪಾಯವೆಂದು ಬೈಸಿಕೊಂಡಿದ್ದ ಆ ನಾಬಿಗೆ ಪರಂಪರೆಯ ಪಟ್ಟ ಕಟ್ಟಿ ಶೋಕಾಚರಣೆ ನಡೆಯುತ್ತಿದೆ. ಹೊಸದನ್ನು ಕೊಂಡವರು ಎಂದಿನಂತೆ, ರೂಢಿಯಾಗುತ್ತದೆ ಎನ್ನುತ್ತಿದ್ದಾರೆ.

ಹಲವು ಕಾರುಗಳಲ್ಲಿ ಸುರಕ್ಷತೆಯ ಹೆಸರಿನಲ್ಲಿ ನಡೆಯುವ ಇನ್ನೊಂದು ಲೀಲೆಯನ್ನು ಇಲ್ಲಿ ಹೇಳದೆ ಬಿಡಲಾಗದು. ಚಕ್ರ ಉರುಳಿದ ಕ್ಷಣದಿಂದ ವಿಳಾಸದ ಅಕ್ಷರಗಳು ಮಸುಕಾಗುತ್ತವೆ; ಚಾಲಕ ಟೈಪು ಮಾಡಬಾರದು ಎಂಬ ಕಾಳಜಿಯನ್ನು ಒಪ್ಪೋಣ. ಆದರೆ ಪಕ್ಕದ ಸೀಟಿನಲ್ಲಿ ಕೈಕಟ್ಟಿ ಕುಳಿತವರಿಗೂ ಅದೇ ನಿಷೇಧ. ಅವರು ಸೀಟ್‌ಬೆಲ್ಟ್ ಹಾಕಿಕೊಳ್ಳದಿದ್ದರೆ ಸೀಟಿನೊಳಗಿನ ಸೆನ್ಸರ್ ಮೂಲಕ ಅವರ ಇರವನ್ನು ಅರಿತು ಟಿಂಗ್ ಟಿಂಗ್ ಎಂದು ಪ್ರಾಣ ಹಿಂಡುವ ಕಾರಿಗೆ, ವಿಳಾಸ ಬರೆಯುವ ಹೊತ್ತಿಗೆ ಅಲ್ಲಿ ಯಾರೂ ಕುಳಿತಂತೆಯೇ ತೋರುವುದಿಲ್ಲ. ಇತ್ತ ಅದೇ ಪರದೆಯಲ್ಲಿ, ಹೆದ್ದಾರಿಯಲ್ಲಿ ಧಾವಿಸುತ್ತಿರುವಾಗಲೇ ಸಸ್ಪೆನ್ಷನ್ನನ್ನು ಬಿಗಿ ಮಾಡಬಹುದು, ಸ್ಟಿಯರಿಂಗಿನ ಭಾರ ಬದಲಿಸಬಹುದು, ಸ್ಪೀಕರಿನಿಂದ ಹೊರಡುವ ಎಂಜಿನ್ನಿನ ಗರ್ಜನೆಯನ್ನು ಒಂದು ಹಂತ ಏರಿಸಲೂಬಹುದು. ವೇಗವಾಗಿ ಹೋಗುವುದಕ್ಕೆ ಬೇಕಾದ ಸ್ವಾತಂತ್ರ್ಯವೆಲ್ಲ ಉಂಟು; ಎಲ್ಲಿಗೆ ಹೋಗಬೇಕೆಂದು ಹೇಳಬೇಕಾದರೆ ಮಾತ್ರ ಬದಿಗೆ ನಿಲ್ಲಿಸಬೇಕು.

2022ರಲ್ಲಿ ಸ್ವೀಡನ್ನಿನ ವೀ ಬಿಲಾಗರೆ ಪತ್ರಿಕೆ ಈ ರೂಢಿಯಾಗುವಿಕೆಯನ್ನೇ ಅಳೆದು ನೋಡಿತು. ಚಾಲಕರಿಗೆ ಕಾರುಗಳ ಪರಿಚಯವಾಗಲು ಮೊದಲೇ ಸಮಯ ಕೊಟ್ಟು, ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ಕೆಲವು ಸಾಮಾನ್ಯ ಕೆಲಸಗಳನ್ನು ಮಾಡಿಸಿದಾಗ, ಗುಂಡಿಗಳಿದ್ದ 2005ರ ಹಳೆಯ ವೋಲ್ವೋ ವಿ70 ಕಾರಿನಲ್ಲಿ 10 ಸೆಕೆಂಡು ಸಾಕಾಯಿತು. ಕೊನೆಗೆ ಬಂದ ಹೊಸ ಕಾರಿಗೆ 44.9 ಸೆಕೆಂಡು ಹಿಡಿಯಿತು, ಅಷ್ಟರಲ್ಲಿ ಅದು 1,372 ಮೀಟರ್ ಸಾಗಿತ್ತು. ನಿಂತಲ್ಲಿಂದ ಚಿಮ್ಮುವ ಓಟದಲ್ಲಿ ಇಷ್ಟು ಹಿಂದೆ ಬಿದ್ದಿದ್ದರೆ ಆ ಕಾರಿನ ಮಾನ ಹರಾಜಾಗುತ್ತಿತ್ತು. ಯುರೋಪಿನಲ್ಲಿ ಕಾರುಗಳ ಸುರಕ್ಷತೆಯನ್ನು ಪರೀಕ್ಷಿಸಿ ಅಂಕ ಕೊಡುವ ಯೂರೋ ಎನ್‌ಕ್ಯಾಪ್ ಸಂಸ್ಥೆಯಾದರೂ 2026ರಿಂದ ಇಂಡಿಕೇಟರ್, ವೈಪರ್, ಹಾರ್ನ್‌ನಂಥ ಕೆಲವಕ್ಕೆ ನಿಜವಾದ ಗುಂಡಿ ಅಥವಾ ಸನ್ನೆಗೋಲು ಇದ್ದರೆ ಮಾತ್ರ ಪೂರ್ಣ ಅಂಕವೆಂದು ಹೇಳಿದೆ. ಹಾರ್ನನ್ನು ಮೆನುವಿನಲ್ಲಿ ಹುಡುಕಬಾರದು ಎಂದು ನಿಯಮ ಮಾಡಬೇಕಾಗಿ ಬಂದಿತಲ್ಲ! ಆ ಪಟ್ಟಿಯಲ್ಲಿ ನ್ಯಾವಿಗೇಷನ್ ಇಲ್ಲ.

ಆದರೂ ಮಾಲೀಕರು ಎದೆಗುಂದಿಲ್ಲ. ಡ್ಯಾಶ್‌ಬೋರ್ಡಿನ ಉದ್ದಕ್ಕೂ ಮಿರುಗುವ ಪರದೆಯ ಮುಂದೆಯೇ ಒಂದು ಸ್ಟ್ಯಾಂಡ್ ಅಂಟಿಸಿ, ಅದಕ್ಕೆ ತಮ್ಮ ಫೋನನ್ನು ಸಿಕ್ಕಿಸಿ, ಹೊರಡುವ ಮುನ್ನ ಅದರಲ್ಲೇ ದಾರಿ ಗೊತ್ತುಮಾಡಿಕೊಳ್ಳುತ್ತಾರೆ. ತಯಾರಕರು ಅಭಿಪ್ರಾಯ ಕೇಳಿದಾಗ ನ್ಯಾವಿಗೇಷನ್ನಿಗೆ ಐದಕ್ಕೆ ಐದು ಅಂಕ ಕೊಟ್ಟು, ಕೊಂಡಂದಿನಿಂದ ಇಂದಿನವರೆಗೆ ಅದರಿಂದ ಒಂದೇ ಒಂದು ತೊಂದರೆಯೂ ಆಗಿಲ್ಲವೆಂದು ಪ್ರಾಮಾಣಿಕವಾಗಿ ಬರೆದುಕೊಡುತ್ತಾರೆ.